ತುಂಬಿದ ಕೆರೆಯ ಒಡ್ಡಿಗೆ ಒಡೆಯರಾರು?

(ವಿಜಯಪುರ ನಗರದಲ್ಲಿ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ರೈತರು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಸದಸ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ.)



ಬೆಟ್ಟದ ಸೀಮೆಯಿಂದ ಬಂದವನಿಗೆ ಬಯಲುಸೀಮೆಯ ಕೆರೆಗಳ ಗೊಡವೆ ಏಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಹುಟ್ಟಿರಬಹುದು. ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ. ಕೊಯ್ನಾ, ವಾರಣಾ, ದೂಧಗಂಗಾ, ಘಟಪ್ರಭಾ, ಮಲಪ್ರಭಾ ನದಿಗಳೂ ಅದೇ ಬೆಟ್ಟಸಾಲಿನ ಮಕ್ಕಳು. ನಮ್ಮ ಕಾಡಿನ ಮೇಲೆ ಸುರಿದ ಮಳೆಯ ನೀರು ಇಂದು ನಿಮ್ಮ ಊರಿನ ಕೆರೆಯಲ್ಲಿ ನಿಂತಿದೆ. ಆದುದರಿಂದ ಈ ನೀರು ನಿಮ್ಮಲ್ಲಿ ಸುರಕ್ಷಿತವಾಗಿ ನಿಲ್ಲಬೇಕೆಂಬ ಕಾಳಜಿ ನಮಗೂ ಸಹಜವಾದುದು.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಪರಿಸರದ ಕೆಲಸ ಮಾಡುವವರೆಂದರೆ ಅಣೆಕಟ್ಟೆಗಳನ್ನು ವಿರೋಧಿಸುವವರು ಎಂಬ ಭಾವನೆ ಸಾಮಾನ್ಯವಾಗಿದೆ. ಕಟ್ಟಬೇಕೇ ಬೇಡವೇ ಎಂಬ ವಾದಕ್ಕೆ ಅದರದೇ ಆದ ಸ್ಥಳ, ಕಾಲಗಳಿವೆ. ಆದರೆ ಒಮ್ಮೆ ಕಟ್ಟಿ, ನೀರು ನಿಲ್ಲಿಸಿ, ಅದರ ಕೆಳಗೆ ಊರು, ಹೊಲ, ಶಾಲೆಗಳು ನೆಲೆಗೊಂಡ ಮೇಲೆ ಆ ಕಟ್ಟೆಯನ್ನು ಕಾಯುವುದು ವಾದಕ್ಕೆ ಮೀರಿದ ಕರ್ತವ್ಯ. ಅಣೆಕಟ್ಟೆಯನ್ನು ಬಯಸಿದವನೂ ವಿರೋಧಿಸಿದವನೂ ಅದರ ಕೆಳಗೆ ಒಂದೇ ರೀತಿಯಲ್ಲಿ ಮುಳುಗುತ್ತಾರೆ.

ಈ ನೆಲದಲ್ಲಿ ಏನು ಬದಲಾಗಿದೆ?

ವಿಜಯಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರ ಅತಿ ದೊಡ್ಡ ಪಾಲು ಸೆಪ್ಟೆಂಬರ್ ತಿಂಗಳಿನದು. ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ಇಲ್ಲಿಯ ಹಿಂಗಾರಿ ಬೆಳೆಯ ಜೀವಾಳ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಈ ಮಳೆಯ ಭರವಸೆಯ ಮೇಲೆಯೇ. ಅದೇ ಮಳೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದ ಮೇಲೆ ಕುಂಭದ್ರೋಣವಾಗಿ ಸುರಿದಾಗ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಬರದ ನಾಡಿನಲ್ಲಿ ನೆರೆಯ ಭಯವಿಲ್ಲವೆಂಬ ನಂಬಿಕೆ ಆಗಲೇ ಕೊಚ್ಚಿಹೋಗಿದೆ.

ಈ ಸೀಮೆಯವರಿಗೆ ನೀರು ನಿಲ್ಲಿಸುವ ವಿದ್ಯೆ ಹೊಸದಲ್ಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ಹದಿನೇಳನೆಯ ಶತಮಾನದ್ದು, ಮುಹಮ್ಮದ್ ಆದಿಲ್ ಶಾಹನ ಕಾಲದ್ದು. ಅವನೇ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಾಲಾಬನ್ನು ಕಟ್ಟಿಸಿದನು. ಅಲ್ಲಿಂದ ನಗರಕ್ಕೆ ನೀರು ಬರುತ್ತಿದ್ದುದು ನೆಲದೊಳಗೆ ಹೂತ ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಆ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ನೀವು ಅವನ್ನು ಗಂಜ್ ಎಂದು ಕರೆಯುತ್ತೀರಿ. ಕೊಳವೆಯಲ್ಲಿ ನೀರಿನ ಒತ್ತಡ ಮಿತಿಮೀರದಂತೆ ಕುಗ್ಗಿಸುವುದು, ಹೂಳು ತಳದಲ್ಲಿ ಕೂರುವಂತೆ ಮಾಡುವುದು ಅವುಗಳ ಕೆಲಸ. ಕಟ್ಟುವ ದಿನವೇ ಮುಂದಿನ ನಿರ್ವಹಣೆಯನ್ನು ಯೋಚಿಸಿದ್ದರು ಎಂಬುದಕ್ಕೆ ಈ ಗಂಜ್‌ಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕನ್ನಡನಾಡಿನ ಶಾಸನಗಳಲ್ಲಿಯೂ ಇದೇ ವಿವೇಕವನ್ನು ಕಾಣುತ್ತೇವೆ. ಕೆರೆ ಕಟ್ಟಿಸಿದವನಿಗೂ ಕಾಪಾಡುವವನಿಗೂ ಕಟ್ಟುಗೊಡಗೆಯ ಭೂಮಿ, ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಹೂಳು ಹೊರುವ ಬಂಡಿಗೆ ಪ್ರತ್ಯೇಕ ದತ್ತಿ ಎಂದು ಕಲ್ಲಿನಲ್ಲಿ ಕೆತ್ತಿಸಿ ಇಟ್ಟಿದ್ದಾರೆ. ಕೆರೆಯೊಂದು ಹುಟ್ಟಿದೊಡನೆ ಅದರ ನಿರ್ವಹಣೆಯ ಖರ್ಚೂ ಹುಟ್ಟುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಈಗ ಕಳೆದ ಹತ್ತು ಹನ್ನೆರಡು ವರ್ಷಗಳ ಕಡೆಗೆ ಬರೋಣ. ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ ಏತ ನೀರಾವರಿ, ಜಮಖಂಡಿ ಕಡೆಯ ಕೃಷ್ಣೆಯಿಂದ ತುಬಚಿ-ಬಬಲೇಶ್ವರ ಏತ ನೀರಾವರಿ ಬಂದವು. ಅವುಗಳ ಜೊತೆಯಲ್ಲಿ ಕೆರೆ ತುಂಬಿಸುವ ಯೋಜನೆಗಳೂ ಬಂದವು. ದಶಕಗಳ ಕಾಲ ಬಿರುಕು ಬಿಟ್ಟು ಒಣಗಿ ನಿಂತಿದ್ದ ಕೆರೆಗಳಲ್ಲಿ ನೀರು ಅಲೆಯಾಡಿತು. ಬಾವಿಗಳಲ್ಲಿ ಒರತೆ ಮರಳಿತು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊತ್ತು ತಂದ ದಿನಗಳನ್ನು ಬಲ್ಲವರು ಈ ಬದಲಾವಣೆಯ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲರು. ಇದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದರೊಂದಿಗೆ ಒಡ್ಡಿನ ಬಾಳೂ ಬದಲಾಗಿದೆ. ಮೊದಲು ಕೆರೆ ಖಾಲಿಯಿರುತ್ತಿತ್ತು. ಹಿಂಗಾರಿಯ ದೊಡ್ಡ ಮಳೆ ಬಂದು ಅದನ್ನು ತುಂಬಬೇಕಾಗಿತ್ತು. ಅಂದರೆ ಖಾಲಿ ಕೆರೆಯೇ ನೆರೆಯನ್ನು ನುಂಗುವ ಹೊಟ್ಟೆಯಾಗಿತ್ತು. ಈಗ ಸಹ್ಯಾದ್ರಿಯ ಮಳೆಯಿಂದ ಕೃಷ್ಣೆ ಜುಲೈ, ಆಗಸ್ಟ್‌ನಲ್ಲಿ ತುಂಬಿ ಹರಿಯುವಾಗಲೇ ಪಂಪುಗಳು ನಡೆಯುತ್ತವೆ, ಕೆರೆಗಳು ಕೋಡಿಯ ಮಟ್ಟಕ್ಕೆ ಬರುತ್ತವೆ. ನಿಮ್ಮ ಸ್ವಂತ ಮಳೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವೇ ಉಳಿದಿರುವುದಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಒಂದು ಕೆರೆಗೆ 20 ಚದರ ಕಿಲೋಮೀಟರ್ ಜಲಾನಯನ ಪ್ರದೇಶವಿದೆಯೆನ್ನಿ. ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಅರ್ಧ ಹರಿದು ಬಂದರೆ ಕೆರೆಯ ಬಾಗಿಲಿಗೆ ಬರುವ ನೀರು 10 ಲಕ್ಷ ಘನ ಮೀಟರ್. ಕೆರೆಯ ವಿಸ್ತಾರ 50 ಹೆಕ್ಟೇರ್ ಇದ್ದು, ಕೋಡಿಗಿಂತ ಒಂದು ಮೀಟರ್ ಕೆಳಗೆ ನೀರನ್ನು ನಿಲ್ಲಿಸಿಕೊಂಡಿದ್ದರೆ ಆ ಒಂದು ಮೀಟರಿನ ಜಾಗವೇ 5 ಲಕ್ಷ ಘನ ಮೀಟರನ್ನು, ಅಂದರೆ ನೆರೆಯ ಅರ್ಧವನ್ನು ಹಿಡಿದಿಡುತ್ತದೆ. ಜಾಗವಿಲ್ಲದಿದ್ದರೆ ಹತ್ತು ಲಕ್ಷ ಘನ ಮೀಟರೂ ಕೋಡಿಯ ಮೇಲೆಯೇ ಹೋಗಬೇಕು. ಕೋಡಿಯಲ್ಲಿ ಹೂಳು, ಮುಳ್ಳುಕಂಟಿ, ಮೀನಿನ ಬಲೆ ಇದ್ದರೆ ಆ ನೀರು ತನ್ನ ದಾರಿಯನ್ನು ಒಡ್ಡಿನ ನೆತ್ತಿಯ ಮೇಲೆ ಹುಡುಕಿಕೊಳ್ಳುತ್ತದೆ.

ಒಡ್ಡು ಹೇಗೆ ಒಡೆಯುತ್ತದೆ?

ಮಣ್ಣಿನ ಒಡ್ಡು ಒಡೆಯುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ನೀರು ನೆತ್ತಿಯ ಮೇಲೆ ಉಕ್ಕುವುದು. ಕಲ್ಲು, ಕಾಂಕ್ರೀಟಿನ ಕಟ್ಟೆ ಸ್ವಲ್ಪ ಹೊತ್ತು ಇದನ್ನು ತಾಳಿಕೊಂಡೀತು. ಮಣ್ಣಿನ ಒಡ್ಡು ತಾಳದು. ಹೊರಬದಿಯ ಇಳಿಜಾರನ್ನು ನೀರು ಕೊರೆಯತೊಡಗಿದರೆ ಕೆಲವೇ ಗಂಟೆಗಳಲ್ಲಿ ಕಥೆ ಮುಗಿಯುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ನದಿಯ ಎರಡನೆಯ ಅಣೆಕಟ್ಟೆಯ ಮಣ್ಣಿನ ಭಾಗಗಳು ಹೀಗೆಯೇ ಕೊಚ್ಚಿಹೋಗಿ, ಮೋರ್ಬಿ ಪಟ್ಟಣದಲ್ಲಿ ಸಾವಿರಾರು ಜನ ಜಲಸಮಾಧಿಯಾದರು.

ಎರಡನೆಯದು ಒಡ್ಡಿನ ಒಳಗೇ ನೀರು ದಾರಿ ಮಾಡಿಕೊಳ್ಳುವುದು. ಇದು ಕಣ್ಣಿಗೆ ಬೀಳದ ಶತ್ರು. ಬಳ್ಳಾರಿ ಜಾಲಿಯ ಬೇರು ಒಡ್ಡಿನೊಳಗೆ ಇಳಿದಿರುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಕೊಳವೆಯಾಗುತ್ತದೆ. ಇಲಿ, ಹೆಗ್ಗಣ, ಏಡಿಗಳ ಬಿಲ ಅದಕ್ಕೆ ಕೂಡಿಕೊಳ್ಳುತ್ತದೆ. ತೂಬಿನ ಕಲ್ಲುಗಟ್ಟಡಕ್ಕೂ ಅದರ ಸುತ್ತಲಿನ ಮಣ್ಣಿಗೂ ನಡುವಿನ ಸಂದಿಯಂತೂ ನೀರಿಗೆ ಅತಿ ಪ್ರಿಯವಾದ ದಾರಿ. ಇಲ್ಲಿಯ ಎರೆಮಣ್ಣಿನ ಗುಣ ನಿಮಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೆನೆದಾಗ ಉಬ್ಬುತ್ತದೆ. ಬಹುಕಾಲ ಒಣಗಿದ್ದ ಎರೆಮಣ್ಣಿನ ಒಡ್ಡಿಗೆ ಒಮ್ಮೆಲೇ ನೀರು ತುಂಬಿಸಿದರೆ ಬಿರುಕುಗಳು ಮುಚ್ಚಿಕೊಳ್ಳುವ ಮೊದಲೇ ನೀರು ಅವುಗಳೊಳಗೆ ನುಗ್ಗಬಹುದು. ಮಣ್ಣಿನ ಕಟ್ಟೆಯ ಬಾಳಿನಲ್ಲಿ ಮೊದಲ ತುಂಬುವಿಕೆಯೇ ಅತ್ಯಂತ ಅಪಾಯದ ಹೊತ್ತು ಎನ್ನುತ್ತದೆ ಈ ವಿಜ್ಞಾನ. ಇಪ್ಪತ್ತು ವರ್ಷ ಒಣಗಿದ್ದ ಕೆರೆಗೆ ಮರಳಿ ನೀರು ಬಂದ ದಿನವೂ ಹೆಚ್ಚು ಕಡಿಮೆ ಮೊದಲ ತುಂಬುವಿಕೆಯೇ.

ಮೂರನೆಯದು ಇಳಿಜಾರು ಕುಸಿಯುವುದು. ನೆನೆದು ಭಾರವಾದ ಒಡ್ಡಿನ ಮುಂದಿನ ನೀರನ್ನು ಅವಸರದಲ್ಲಿ ಖಾಲಿ ಮಾಡಿದರೆ, ಒಳಗಿನ ನೀರು ಹೊರಬರಲು ಸಮಯ ಸಿಗದೆ ಒಳಬದಿಯ ಮಣ್ಣು ಜಾರುತ್ತದೆ. ಆದುದರಿಂದ ತುಂಬಿಸುವುದಕ್ಕೂ ಇಳಿಸುವುದಕ್ಕೂ ನಿಧಾನವೇ ಕ್ಷೇಮ.

ದೊಡ್ಡ ಕಟ್ಟೆಗಳು ಕಲಿಸಿದ ಪಾಠ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ ನಡೆದುದು ನಿಮಗೆಲ್ಲ ನೆನಪಿದೆ. ಜಲಾಶಯ ಹೆಚ್ಚುಕಡಿಮೆ ತುಂಬಿತ್ತು. 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಗಿಲಿನ ಮೇಲೆ ತುಂಬು ನೀರು ಒತ್ತುವ ಭಾರ ಮುನ್ನೂರು ಟನ್ನಿಗೂ ಮಿಕ್ಕಿದ್ದು. ನೀರಿನ ಆಳ ಇಮ್ಮಡಿಯಾದರೆ ಈ ಒತ್ತಡದ ಒಟ್ಟು ಬಲ ನಾಲ್ಮಡಿಯಾಗುತ್ತದೆ. ಒಂದೇ ತೆರಪಿನ ಮೇಲಿನ ಹೊರೆಯನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರ ಒಂದು ವರ್ಷದ ಬದುಕು ಕಣ್ಣೆದುರು ನದಿಗೆ ಹರಿದು ಹೋಗುತ್ತಿತ್ತು.

ದೊಡ್ಡ ಅಣೆಕಟ್ಟೆಗಳಲ್ಲಿ ಗೇಟಿನ ಮುಂಭಾಗಕ್ಕೆ ಸ್ಟಾಪ್‌ಲಾಗ್ ಎಂಬ ಬಿಡಿ ಹಲಗೆಗಳನ್ನು ಇಳಿಸಿ, ನೀರನ್ನು ತಡೆದು, ಹಿಂದಿನ ಗೇಟನ್ನು ದುರಸ್ತಿ ಮಾಡುವ ಏರ್ಪಾಡಿರುತ್ತದೆ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರೆಯಲ್ಲಿ ಅಂತಹ ಏರ್ಪಾಡು ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಐದು ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಲಾಯಿತು. ಆಗಸ್ಟ್ 16ರಂದು ಮೊದಲ ಹಲಗೆ ಕೂತಿತು, 17ರ ಹೊತ್ತಿಗೆ ಹರಿವು ನಿಂತಿತು. ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಟಿಎಂಸಿ ನೀರು ಹೋಗಿತ್ತು. ಕಬ್ಬಿಣದ ಕಾರ್ಮಿಕರು, ಕ್ರೇನು ನಡೆಸಿದವರು ತೋರಿದ ಧೈರ್ಯ ಅಸಾಧಾರಣವಾದುದು. ಆದರೆ ಆ ಧೈರ್ಯ ಬೇಕಾಗಿ ಬಂದುದೇ ನಮಗೆ ಎಚ್ಚರಿಕೆಯಾಗಬೇಕು. ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಲು ಸಲಹೆ ಮಾಡಿತು. 2025ರ ಮಳೆಗಾಲದಲ್ಲಿ ಸುಮಾರು 105 ಟಿಎಂಸಿ ಸಾಮರ್ಥ್ಯದ ಜಲಾಶಯವನ್ನು 80 ಟಿಎಂಸಿಗೆ ಸೀಮಿತಗೊಳಿಸಬೇಕಾಯಿತು. ಒಂದು ಸರಪಳಿಯ ಕೊಂಡಿ ಎರಡು ಮಳೆಗಾಲಗಳ ನೀರಿಗೆ ಎರವಾಯಿತು.

ಆಲಮಟ್ಟಿಯ ಕೆಳಗಿನ ನಾರಾಯಣಪುರದ ಬಸವಸಾಗರದಲ್ಲಿಯೂ 2005ರಲ್ಲಿ ಒಂದು ಗೇಟು ಕಿತ್ತುಹೋಗಿತ್ತು. ಹತ್ತೊಂಬತ್ತು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಜಲಾಶಯಗಳು ಒಂದೇ ಪಾಠವನ್ನು ಹೇಳಿವೆ.

ಈ ಸುದ್ದಿಗಳು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತವೆ. ಚಿಕ್ಕ ಕಟ್ಟೆಗಳ ಕಥೆ ಹಾಗಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲ್ಲೂಕಿನ ತಿವರೆ ಎಂಬಲ್ಲಿ ಒಂದು ಮಣ್ಣಿನ ಕಟ್ಟೆಯಿತ್ತು. ಅದರಿಂದ ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆಯಿತು. ಇಪ್ಪತ್ತಕ್ಕೂ ಹೆಚ್ಚು ಜನರು ನಿದ್ದೆಯ ಹೊತ್ತಿನಲ್ಲಿ ಕೊಚ್ಚಿಹೋದರು. ಏಡಿಗಳು ಒಡ್ಡನ್ನು ಕೊರೆದುದರಿಂದ ಹೀಗಾಯಿತು ಎಂದು ಅಲ್ಲಿಯ ಸಚಿವರೊಬ್ಬರು ಹೇಳಿ ನಗೆಪಾಟಲಾದರು. ಏಡಿಗಳು ಒಡ್ಡನ್ನು ಕೊರೆಯುವುದು ಸುಳ್ಳಲ್ಲ. ಏಡಿಯ ಬಿಲವನ್ನು ಹುಡುಕಿ ಮುಚ್ಚುವ ಕೆಲಸ ಯಾರದಾಗಿತ್ತು ಎಂಬ ಪ್ರಶ್ನೆಗೆ ಏಡಿ ಉತ್ತರ ಕೊಡಲಾರದು.

ಒಡೆಯರಿಲ್ಲದ ಒಡ್ಡು

ದೇಶದಲ್ಲಿ 2021ರಲ್ಲಿ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬಂದಿದೆ. ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ, ನಿರ್ವಹಣೆಯ ಕೈಪಿಡಿ, ತುರ್ತು ಕಾರ್ಯಯೋಜನೆ ಇವೆಲ್ಲವನ್ನೂ ಅದು ಕಡ್ಡಾಯಗೊಳಿಸಿದೆ. ಆದರೆ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಉದ್ದ, ಸಂಗ್ರಹ ಮುಂತಾದ ಕೆಲವು ಷರತ್ತುಗಳನ್ನು ಪೂರೈಸುವವಕ್ಕೆ. ಆಲಮಟ್ಟಿ ಅದರೊಳಗೆ ಬರುತ್ತದೆ. ನಿಮ್ಮೂರಿನ ಎಂಟು ಮೀಟರಿನ ಒಡ್ಡು ಬರುವುದಿಲ್ಲ. ಎಂಟು ಮೀಟರಿನ ಒಡ್ಡು ಒಡೆದರೂ ಅದರ ಕೆಳಗಿನ ಹತ್ತು ಮನೆಗಳಿಗೆ ಅದೇ ಪ್ರಳಯ.

ರಾಜ್ಯದ ವ್ಯವಸ್ಥೆಯಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರುತ್ತವೆ. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಏತದಿಂದ ನೀರು ತಂದು ತುಂಬಿಸುವುದು ನೀರಾವರಿ ನಿಗಮ. ಮೀನಿನ ಗುತ್ತಿಗೆ ಇನ್ನೊಬ್ಬರಿಗೆ. ನೀರು ಬಳಸುವವರು ನೀವು. ನೀರಿಗೆ ಇಷ್ಟು ಜನ ವಾರಸುದಾರರು. ಒಡ್ಡಿನ ಮೇಲೆ ಬೆಳೆದ ಜಾಲಿ ಕಡಿಯಬೇಕಾದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರುತ್ತಾರೆ. ನಾನು ಯಾವ ಇಲಾಖೆಯನ್ನೂ ದೂಷಿಸುತ್ತಿಲ್ಲ. ನೀರು ತುಂಬಿಸುವ ಆದೇಶದಲ್ಲಿಯೇ ಒಡ್ಡನ್ನು ಕಾಯುವವರ ಹುದ್ದೆ, ಹೆಸರು, ಹಣ ನಮೂದಾಗಬೇಕು ಎನ್ನುತ್ತಿದ್ದೇನೆ. ಈ ಭಾಷಣದಿಂದ ನೀವು ಒಂದೇ ಮಾತನ್ನು ಮನೆಗೆ ಕೊಂಡೊಯ್ಯುವುದಾದರೆ ಅದು ಇದಾಗಲಿ.

ವರ್ಷದ ಆರೈಕೆ

ಕೆರೆಯ ಆರೈಕೆಗೆ ನಿಮ್ಮ ಪಂಚಾಂಗವೇ ಸಾಕು.

ಕಾರಹುಣ್ಣಿಮೆಗೆ ಮೊದಲು, ನೀರು ತಳದಲ್ಲಿರುವಾಗ ಒಡ್ಡಿನ ಎರಡೂ ಮೈಗಳನ್ನು ನಡೆದು ನೋಡಬೇಕು. ನೆತ್ತಿಯಲ್ಲಿ ತಗ್ಗು ಬಿದ್ದಿದೆಯೇ, ಉದ್ದಕ್ಕೆ ಬಿರುಕು ಓಡಿದೆಯೇ, ಒಳಮೈಯ ಕಲ್ಲುಹಾಸು ಕಿತ್ತಿದೆಯೇ, ತೂಬಿನ ಬಾಗಿಲು ಪೂರ್ತಿ ಮೇಲೇರಿ ಪೂರ್ತಿ ಇಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಜಾಲಿ ಗಿಡಗಳನ್ನು ಎಳೆಯದಿರುವಾಗಲೇ ಕೀಳಬೇಕು. ದೊಡ್ಡ ಮರವಾಗಿದ್ದರೆ ಕಡಿದು ಬುಡ ಬಿಟ್ಟುಬಿಡಬಾರದು. ಇಂಜಿನಿಯರರ ಸಲಹೆಯಂತೆ ಬೇರುಸಹಿತ ತೆಗೆದು ಆ ಗುಂಡಿಗೆ ಮಣ್ಣನ್ನು ಧಮ್ಮಸು ಮಾಡಿ ತುಂಬಬೇಕು. ಹುಲ್ಲು ಇರಲಿ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ.

ಹೂಳು ತೆಗೆದು ಹೊಲಕ್ಕೆ ಹಾಕುವುದು ಪುಣ್ಯದ ಕೆಲಸ. ಆದರೆ ಒಡ್ಡಿನ ಬುಡದಲ್ಲಿ ಅಗೆಯುವುದು ಅನಾಹುತದ ಕೆಲಸ. ಇಲ್ಲಿ ಹೂಳಿನ ಪದರದ ಕೆಳಗೆ ನೀರು ಸೋರುವ ಗರಸು, ಒಡಕು ಕಲ್ಲು ಇರುತ್ತದೆ. ಒಡ್ಡಿನ ಸಮೀಪದ ಹೂಳು ಒಂದು ಹೊದಿಕೆಯಂತೆ ಆ ಸೋರಿಕೆಯನ್ನು ತಡೆದಿರುತ್ತದೆ. ಜೆಸಿಬಿಯವನಿಗೆ ಅದು ಬರಿಯ ಮಣ್ಣಾಗಿ ಕಾಣುತ್ತದೆ. ಎಲ್ಲಿಯವರೆಗೆ ಅಗೆಯಬಹುದು ಎಂಬ ಗೆರೆಯನ್ನು ಕಲ್ಲು ನೆಟ್ಟು ಗುರುತಿಸಿರಿ.

ಒಡ್ಡಿಗೆ ಮಣ್ಣು ಹಾಕುವಾಗ ಹಳೆಯ ಇಳಿಜಾರಿನ ಮೇಲೆ ಹೊಸ ಮಣ್ಣನ್ನು ಸುರಿದು ಬಿಡುವುದು ದುರಸ್ತಿಯಲ್ಲ. ಹಳೆಯ ಮೈಯಲ್ಲಿ ಮೆಟ್ಟಿಲು ಕಡಿದು, ಗೇಣುದ್ದಕ್ಕಿಂತ ತೆಳುವಾದ ಪದರಗಳಲ್ಲಿ ಮಣ್ಣು ಹರವಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಗುದ್ದಿ ಬಿಗಿ ಮಾಡಬೇಕು. ಎರೆಮಣ್ಣು ಒಳಗೆ ತಿರುಳಾಗಿರಲಿ, ಹೊರಗೆ ಗರಸಿನ ಕವಚವಿರಲಿ. ಹೊರಗೆ ಎರೆಮಣ್ಣು ಬಂದರೆ ಮರುಬೇಸಿಗೆಗೆ ಬಿರುಕು ಖಚಿತ.

ಕೋಡಿಯನ್ನು ಕುರಿತು ಒಂದು ಕಠಿಣ ಮಾತು ಹೇಳಬೇಕಾಗಿದೆ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮಣ್ಣಿನ ಚೀಲ ಇಡುವ, ಕಲ್ಲು ಏರಿಸುವ ರೂಢಿ ಹಲವು ಕಡೆ ಇದೆ. ಮೀನು ತಪ್ಪಿಸಿಕೊಳ್ಳದಿರಲೆಂದು ಬಲೆ ಕಟ್ಟುವವರೂ ಇದ್ದಾರೆ. ಒಂದು ಅಡಿ ನೀರಿನ ಆಸೆಗೆ ಇಡೀ ಕೆರೆಯನ್ನು ಪಣಕ್ಕಿಟ್ಟಂತೆ ಇದು. ಕೋಡಿಯ ಕೆಳಗಿನ ಹಳ್ಳವನ್ನು ಒತ್ತುವರಿ ಮಾಡಿ ಉತ್ತವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೋಡಿಯಿಂದ ಹೊರಟ ನೀರಿಗೆ ಮುಂದೆ ಹೋಗಲು ದಾರಿ ಬೇಕಷ್ಟೆ.

ಇನ್ನು ತುಂಬಿಸುವ ಕ್ರಮ. ಏತದಿಂದ ಬರುವ ನೀರನ್ನು ಕೋಡಿಗಿಂತ ಕೆಳಗಿನ ಒಂದು ಮಟ್ಟಕ್ಕೆ ನಿಲ್ಲಿಸಿ, ಹಸ್ತ, ಚಿತ್ತಿ ಮಳೆಗಳು ಕಳೆದ ಮೇಲೆ ಉಳಿದುದನ್ನು ತುಂಬಿಸಿಕೊಳ್ಳಲು ಸಾಧ್ಯವೇ ಎಂದು ನಿಗಮದೊಂದಿಗೆ ಕೂತು ಮಾತನಾಡಿರಿ. ಆ ಮಟ್ಟ ಎಷ್ಟೆಂಬುದನ್ನು ಪ್ರತಿ ಕೆರೆಗೂ ಅದರ ಜಲಾನಯನ, ಕೋಡಿಯ ಅಗಲ ನೋಡಿ ಇಂಜಿನಿಯರರು ಲೆಕ್ಕ ಹಾಕಿ ಕೊಡಬೇಕು. ಕೆರೆಯ ನಡುವೆ ಅಳತೆಗಂಬ ನಿಲ್ಲಿಸಿ ಆ ಮಟ್ಟಕ್ಕೆ ಕೆಂಪು ಗೆರೆ ಎಳೆದರೆ ಶಾಲೆಯ ಮಗುವೂ ಅದನ್ನು ಓದಬಲ್ಲುದು.

ತುರ್ತಿನ ಹೊತ್ತಿನಲ್ಲಿ

ಎಷ್ಟೇ ಕಾದರೂ ಒಂದು ರಾತ್ರಿ ಅಪಾಯ ಬರಬಹುದು. ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮೊದಲೇ ಗೊತ್ತಿರಬೇಕು.

ಒಡ್ಡಿನ ಹೊರಬದಿಯಲ್ಲಿ ನೀರು ಜಿನುಗಿದರೆ ಮೊದಲು ಅದರ ಬಣ್ಣ ನೋಡಿರಿ. ತಿಳಿಯಾಗಿದ್ದು ಪ್ರಮಾಣ ಹೆಚ್ಚದಿದ್ದರೆ ಕಾವಲಿಟ್ಟು ಇಂಜಿನಿಯರರನ್ನು ಕರೆಯಿರಿ. ಕದಡಿಕೊಂಡು, ಮಣ್ಣು ಹೊತ್ತು ಬರುತ್ತಿದ್ದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದರ್ಥ. ಆಗ ಮೊದಲ ಕೆಲಸ ಒಡ್ಡಿನದಲ್ಲ, ಜನರದು. ಕೆಳಗಿನ ಮನೆಗಳನ್ನು ತೆರವುಗೊಳಿಸಬೇಕು. 112ಕ್ಕೆ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ, ತಹಶೀಲ್ದಾರರಿಗೆ ಸುದ್ದಿ ಮುಟ್ಟಬೇಕು. ಗುಡಿಯ, ಮಸೀದಿಯ ಧ್ವನಿವರ್ಧಕಗಳು, ಡಂಗುರ ಎಲ್ಲವೂ ಬಳಕೆಯಾಗಲಿ.

ಜಿನುಗುವ ಬಾಯಿಗೆ ಜೇಡಿಮಣ್ಣು ತುರುಕಿ ಮುಚ್ಚಬಾರದು. ಅಲ್ಲಿ ಮುಚ್ಚಿದ ನೀರು ಒಳಗೇ ಒತ್ತಡ ಹೆಚ್ಚಿಸಿಕೊಂಡು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಅದರ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹೀಗೆ ಪದರವಾಗಿ ಹಾಕಬೇಕು. ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಬುಡದಲ್ಲಿ ನೀರು ಬುಗ್ಗೆಯಾಗಿ ಏಳುತ್ತಿದ್ದರೆ ಅದರ ಸುತ್ತ ಮರಳಿನ ಚೀಲಗಳ ಬಳೆ ಕಟ್ಟಿ ಒಳಗೆ ನೀರು ಸ್ವಲ್ಪ ಎತ್ತರ ನಿಲ್ಲುವಂತೆ ಮಾಡಬೇಕು. ಆ ನೀರಿನ ಭಾರವೇ ಬುಗ್ಗೆಯ ರಭಸವನ್ನು ಕುಗ್ಗಿಸುತ್ತದೆ. ಏತದ ನೀರು ಒಳಬರುತ್ತಿದ್ದರೆ ಕೂಡಲೇ ನಿಲ್ಲಿಸಬೇಕು. ತೂಬನ್ನು ತೆರೆಯಬೇಕು, ಆದರೆ ಎಷ್ಟು ವೇಗದಲ್ಲಿ ಇಳಿಸಬೇಕೆಂಬುದನ್ನು ಬಲ್ಲವರು ಹೇಳಬೇಕು. ಒಡ್ಡನ್ನು ಕಡಿದು ನೀರು ಬಿಡುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬಾರದು. ಕಡಿದ ಕಾಲುವೆ ನೀವು ಬಯಸಿದಷ್ಟಕ್ಕೇ ನಿಲ್ಲುವುದಿಲ್ಲ.

ಕೆಲಸ ಮಾಡುವವರ ಪ್ರಾಣವೂ ಪ್ರಾಣವೇ. ನೆನೆದ ಒಡ್ಡಿನ ನೆತ್ತಿಗೆ ಜೆಸಿಬಿ, ತುಂಬಿದ ಟ್ರ್ಯಾಕ್ಟರ್ ಏರಿಸಬಾರದು. ತೂಬಿನ ಬಾವಿಯೊಳಗೆ ಒಬ್ಬನೇ ಇಳಿಯಬಾರದು. ಮುಚ್ಚಿದ ತೂಬಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಹರಿಯುವ ತೂಬಿನ ಬಾಯಿಯ ಬಳಿ ಮುಳುಗುವುದಂತೂ ಆತ್ಮಹತ್ಯೆ. ಎಳೆತಕ್ಕೆ ಸಿಕ್ಕ ಈಜುಗಾರ ಹೊರಬರಲಾರ. ರಾತ್ರಿ ಬೆಳಕಿಲ್ಲದೆ ಯಾರೂ ಒಡ್ಡಿನ ಕೆಳಬದಿಗೆ ಹೋಗಬಾರದು. ಎತ್ತರದಲ್ಲಿ ಒಬ್ಬನು ಸದಾ ನೋಡುತ್ತ ನಿಂತು, ಅಪಾಯ ಕಂಡೊಡನೆ ಶಿಳ್ಳೆ ಹಾಕಿ ಎಲ್ಲರನ್ನೂ ಹೊರಗೆ ಕರೆಯುವಂತಿರಬೇಕು.

1961ರ ಜುಲೈಯಲ್ಲಿ ಪುಣೆಯ ಮೇಲಿನ ಪಾನ್‌ಶೆತ್ ಅಣೆಕಟ್ಟೆ, ಕೆಲಸ ಪೂರ್ತಿಯಾಗುವ ಮೊದಲೇ ನೀರು ತುಂಬಿಕೊಂಡು ಕುಸಿಯತೊಡಗಿತು. ಸೇನೆಯ ಜವಾನರು ರಾತ್ರಿಯೆಲ್ಲ ಮರಳಿನ ಚೀಲಗಳನ್ನು ಪೇರಿಸಿದರು. ಕಟ್ಟೆ ಉಳಿಯಲಿಲ್ಲ. ಆದರೆ ಅದು ಒಡೆದದ್ದು ಕತ್ತಲಲ್ಲಿ ಅಲ್ಲ, 12ರ ಬೆಳಗ್ಗೆ. ಆ ಕೆಲವು ಗಂಟೆಗಳು ಅಸಂಖ್ಯ ಜೀವಗಳನ್ನು ಉಳಿಸಿದವು. ತುರ್ತು ದುರಸ್ತಿಯ ಗುರಿ ಯಾವಾಗಲೂ ಒಡ್ಡನ್ನು ಉಳಿಸುವುದೇ ಆಗಿರಬೇಕಾಗಿಲ್ಲ. ಜನರು ಸರಿದು ಹೋಗುವಷ್ಟು ಹೊತ್ತು ಸಂಪಾದಿಸಿದರೂ ಅದು ಸಾರ್ಥಕ.

ಈ ಸಭೆ ಮಾಡಬಹುದಾದುದು

ಬಂಧುಗಳೇ, ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಟ್ಟು ಮಾತು ಮುಗಿಸುತ್ತೇನೆ.

ಒಂದು, ಪ್ರತಿ ಕೆರೆಯ ಬಳಿ ಒಂದು ಫಲಕವಿರಲಿ. ಈ ಒಡ್ಡು ಯಾವ ಇಲಾಖೆಯದು, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಯಾವುದು, ಕಚೇರಿಯ ದೂರವಾಣಿ ಯಾವುದು ಎಂದು ಅದರಲ್ಲಿ ಬರೆದಿರಲಿ.

ಎರಡು, ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಯ ನಂತರ ಇನ್ನೊಮ್ಮೆ ಊರವರೂ ಇಂಜಿನಿಯರರೂ ಜೊತೆಯಾಗಿ ಒಡ್ಡಿನ ಮೇಲೆ ನಡೆಯಲಿ. ಕಂಡುದನ್ನು ಒಂದು ವಹಿಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಲಿ. ಹೋದ ವರ್ಷದ ಬಿರುಕು ಈ ವರ್ಷ ಎಷ್ಟು ಬೆಳೆದಿದೆ ಎಂದು ಹೇಳುವುದು ಆ ವಹಿ ಮಾತ್ರ.

ಮೂರು, ಒಡ್ಡಿನ ಬಳಿಯಲ್ಲಿಯೇ ಮರಳು, ಜಲ್ಲಿ, ಖಾಲಿ ಚೀಲ, ಹಗ್ಗ, ದೀಪಗಳ ಸಂಗ್ರಹವಿರಲಿ. ಮಳೆಯ ರಾತ್ರಿಯಲ್ಲಿ ಕೆಸರಿನ ದಾರಿಯಲ್ಲಿ ಮರಳಿನ ಗಾಡಿ ಬರುವುದಿಲ್ಲ.

ನಾಲ್ಕು, ಕೆರೆ ತುಂಬಿಸಲು ಖರ್ಚಾಗುವ ವಿದ್ಯುತ್ತಿನ ಹಣದ ಒಂದು ಸಣ್ಣ ಪಾಲಾದರೂ ಪ್ರತಿ ವರ್ಷ ಒಡ್ಡಿನ ನಿರ್ವಹಣೆಗೆ ಮೀಸಲಾಗಲಿ ಎಂದು ಸರ್ಕಾರವನ್ನು ಒತ್ತಾಯಿಸೋಣ. ಹಿಂದಿನವರು ಕಲ್ಲಿನಲ್ಲಿ ಕೆತ್ತಿಸಿದ ಕಟ್ಟುಗೊಡಗೆಯ ಇಂದಿನ ರೂಪ ಇದೇ.

ನಮ್ಮ ಜನಪದರ ‘ಕೆರೆಗೆ ಹಾರ’ದ ಕಥೆ ನಿಮಗೆಲ್ಲ ಗೊತ್ತು. ಕೆರೆಗೆ ನೀರು ಬರಲೆಂದು ಮನೆಯ ಕಿರಿಯ ಸೊಸೆಯನ್ನು ಬಲಿ ಕೊಟ್ಟರು. ಇಂದು ಕೆರೆಗೆ ನೀರು ಬಂದಿದೆ. ಬಂದ ನೀರು ಇನ್ನೊಂದು ಬಲಿಯನ್ನು ಕೇಳದಿರುವಂತೆ ನೋಡಿಕೊಳ್ಳುವುದಕ್ಕೆ ಬೇಕಾದುದು ಒಂದು ಕುಡುಗೋಲು, ಒಂದು ವಹಿ, ವರ್ಷಕ್ಕೆರಡು ದಿನದ ನಡಿಗೆ ಮತ್ತು ಹೊಣೆ ಹೊರುವ ಒಂದು ಹೆಸರು. ಇಷ್ಟನ್ನು ಕೊಡಲು ಈ ನಾಡಿಗೆ ಬಡತನವಿಲ್ಲ.